ಟಿವಿ ತೋರಿಸದ ಫೈನಲ್‌ಗಳನ್ನು ನಾನು ಬರೆದುಕೊಂಡು ನೋಡಿದ ಬಗೆ

ನನ್ನ ಸ್ಕೋರ್ ಪುಸ್ತಕದಲ್ಲಿ ಒಂದು ಪುಟದ ತುದಿ ಮಡಚಿದೆ. ಮೇಲೆ ಪೆನ್ಸಿಲಿನಲ್ಲಿ ಬರೆದ ತಾರೀಖು 2023ರ ನವೆಂಬರ್ 4, ಶನಿವಾರ. ಆಟ ಬೇಸ್‌ಬಾಲ್, ನಡೆದದ್ದು ಜಪಾನಿನ ಒಸಾಕಾದ ಕ್ಯೋಸೆರಾ ಡೋಮ್‌ನಲ್ಲಿ. ನಾನು ಅದನ್ನು ಬರೆದುಕೊಂಡದ್ದು ನ್ಯೂಜೆರ್ಸಿಯಲ್ಲಿ, ನಮ್ಮ ಅಡುಗೆಮನೆಯ ಮೇಜಿನ ಮೇಲೆ, ಬೆಳಗಿನ ಐದೂವರೆಯಿಂದ. ಓರಿಕ್ಸ್ ಬಫಲೋಸ್ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವನು, ಯೋಶಿನೋಬು ಯಮಾಮೊಟೊ ಆ ದಿನ ಒಂಬತ್ತೂ ಇನಿಂಗ್ಸ್ ಒಬ್ಬನೇ ಎಸೆದ. 138 ಎಸೆತ, 14 ಸ್ಟ್ರೈಕ್‌ಔಟ್, ಅಂದರೆ ಹದಿನಾಲ್ಕು ಬ್ಯಾಟರ್‌ಗಳನ್ನು ಮೂರು ಸ್ಟ್ರೈಕ್‌ಗಳಿಂದ ಅವನೇ ಔಟ್ ಮಾಡಿದ್ದು. ಆ ದೇಶದ ಫೈನಲ್ ಸರಣಿಯಾದ ಜಪಾನ್ ಸೀರೀಸ್‌ನ ಒಂದು ಪಂದ್ಯದಲ್ಲಿ ಅಷ್ಟು ಮಂದಿಯನ್ನು ಹಾಗೆ ಔಟ್ ಮಾಡಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. 2007ರಲ್ಲಿ ಯೂ ದರ್ವಿಶ್ 13ಕ್ಕೆ ನಿಂತಿದ್ದ.

ಆಮೇಲೆ ಎರಡು ತಿಂಗಳೂ ಕಳೆಯಲಿಲ್ಲ. ಲಾಸ್ ಏಂಜಲೀಸ್ ಡಾಜರ್ಸ್ 12 ವರ್ಷಕ್ಕೆ 32.5 ಕೋಟಿ ಡಾಲರ್ ಮಾತಾಡಿ ಯಮಾಮೊಟೊನನ್ನು ಕರೆಸಿಕೊಂಡಿತು. ಆಗ ಇಲ್ಲಿನ ಟಿವಿಯಲ್ಲಿ ಮಾತೋ ಮಾತು. ಇವನು ಯಾರು, ಎಷ್ಟು ಎತ್ತರ, ಅಷ್ಟು ದುಡ್ಡಿಗೆ ಬಾಳುತ್ತಾನೋ ಇಲ್ಲವೋ. ಅದನ್ನು ಕೇಳುತ್ತಾ ನನಗೆ ನಿಜವಾಗಿ ಸಂಕಟವಾಯಿತು. ಬಾಳುತ್ತಾನೋ ಇಲ್ಲವೋ ಎಂದು ಕಣ್ಣಾರೆ ನೋಡುವ ಅವಕಾಶ ಏಳು ವಾರದ ಹಿಂದಷ್ಟೇ ಇತ್ತು. ನಮ್ಮ ಮನೆಗೆ ಬರುವ ಯಾವ ಚಾನೆಲ್ಲೂ ತೋರಿಸಿರಲಿಲ್ಲ. ಇಲ್ಲಿನ ಟಿವಿಯ ಲೆಕ್ಕದಲ್ಲಿ ಹೊರದೇಶದ ಆಟಗಾರ ಹುಟ್ಟುವುದೇ ಅಮೆರಿಕದ ತಂಡದ ಕಾಗದಕ್ಕೆ ಸಹಿ ಹಾಕಿದ ದಿನ. ಅವನು ತನ್ನ ಊರಿನವರ ಮುಂದೆ ಗೆದ್ದದ್ದು, ಸೋತದ್ದು, ಅತ್ತದ್ದು ಯಾವುದೂ ಆಗಿಯೇ ಇಲ್ಲ ಎಂಬ ಹಾಗೆ.

ಆ ಫೈನಲ್‌ಗಳನ್ನು ನಾನು ಹೇಗೆ ಹಿಂಬಾಲಿಸಿದೆ ಎಂದು ಹೇಳುವ ಮೊದಲು ಎಲ್ಲಿ ಕಲಿತೆ ಎಂದು ಹೇಳಬೇಕು. ಹಾಸನದ ನಮ್ಮ ಮನೆಯಲ್ಲಿ ಅಪ್ಪ ರೇಡಿಯೊ ಕಾಮೆಂಟರಿ ಕೇಳುತ್ತಾ ಹಳೆಯ ಲೆಕ್ಕದ ಪುಸ್ತಕದಲ್ಲಿ ಸ್ಕೋರ್ ಬರೆಯುತ್ತಿದ್ದರು. ವಿಶ್ವನಾಥ್ ಆಡುವಾಗ ಒಂದೊಂದು ಚೆಂಡಿಗೂ ಚುಕ್ಕೆ. ಕರೆಂಟು ಹೋದರೂ ಟ್ರಾನ್ಸಿಸ್ಟರ್ ನಡೆಯುತ್ತಿತ್ತು, ಪುಸ್ತಕವೂ ನಡೆಯುತ್ತಿತ್ತು. ‘ಕಣ್ಣಿಗೆ ಕಾಣದ್ದನ್ನ ಕೈಲಿ ಬರ್ಕೊಂಡ್ರೆ ಮರೆಯಲ್ಲ ಕಣೋ’ ಎನ್ನುತ್ತಿದ್ದರು. 2004ರಲ್ಲಿ ನಾನು ಕೆಲಸಕ್ಕೆಂದು ನ್ಯೂಜೆರ್ಸಿಗೆ ಬಂದ ಹೊಸತು. ಭಾರತ ತಂಡ ಪಾಕಿಸ್ತಾನದಲ್ಲಿತ್ತು. ಏಪ್ರಿಲ್‌ನಲ್ಲಿ ರಾವಲ್ಪಿಂಡಿಯಲ್ಲಿ ದ್ರಾವಿಡ್ 270 ಹೊಡೆದ. ಇಲ್ಲಿ ಆಗ ನಡುರಾತ್ರಿ. ನನ್ನ ಬಾಡಿಗೆ ಕೋಣೆಯಲ್ಲಿ ಕ್ರಿಕೆಟ್ ಬರುವ ಚಾನೆಲ್ ಇರಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಬರಹದ ಕಾಮೆಂಟರಿಯ ಪುಟವನ್ನು ಮತ್ತೆ ಮತ್ತೆ ತಾಜಾ ಮಾಡುತ್ತಾ ಆ ಇನಿಂಗ್ಸನ್ನು ಓದಿದೆ. ಈ ದೇಶದಲ್ಲಿ ಆಗ ಇದ್ದ ಎಷ್ಟೋ ಕನ್ನಡಿಗರು ಹಾಗೆಯೇ ಓದಿದ್ದಾರೆ. ಬೇಕಾದ ಆಟ ಟಿವಿಯಲ್ಲಿ ಬರದ ಊರಿನಲ್ಲಿ ಬದುಕುವುದು ನಮಗೆ ಗೊತ್ತಿರುವ ವಿದ್ಯೆ.

ಬೇಸ್‌ಬಾಲ್‌ಗೆ ನನ್ನನ್ನು ಎಳೆದು ತಂದದ್ದು ಮಗಳು. ಅವಳು ಇಲ್ಲಿನ ಮಕ್ಕಳ ಲೀಗಿನಲ್ಲಿ ಆಡಲು ಶುರು ಮಾಡಿದಾಗ ತಂಡಕ್ಕೆ ಸ್ಕೋರ್ ಬರೆಯುವವರು ಬೇಕಿತ್ತು. ಬೇರೆ ಅಪ್ಪ ಅಮ್ಮಂದಿರು ತರಬೇತಿ ಕೊಡಬಲ್ಲವರು, ಚೆಂಡು ಎಸೆದು ಅಭ್ಯಾಸ ಮಾಡಿಸಬಲ್ಲವರು. ನನಗೆ ಬರೆಯಲು ಬರುತ್ತಿತ್ತು. ಅಂದಿನಿಂದ ಪ್ರತಿ ಶನಿವಾರ ಮರದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಹೊರದೇಶದ ಆಟದ ಹುಚ್ಚು ಹಿಡಿದದ್ದು 2020ರ ಮೇ 5ರ ರಾತ್ರಿ. ಕೋವಿಡ್‌ನಿಂದ ಅಮೆರಿಕದ ಮೈದಾನಗಳಿಗೆಲ್ಲ ಬೀಗ ಬಿದ್ದಿತ್ತು. ಆಡಲು ಶುರು ಮಾಡಿದ್ದ ಕೊರಿಯಾದ ಲೀಗನ್ನು ಇಎಸ್‌ಪಿಎನ್ ತೆಗೆದುಕೊಂಡಿತು. ಮೊದಲ ಪಂದ್ಯ ದೇಗು ಊರಿನಲ್ಲಿ, ಇಲ್ಲಿ ರಾತ್ರಿ ಒಂದು ಗಂಟೆ. ಮಳೆಗೆ ಸ್ವಲ್ಪ ತಡವಾಯಿತು. ಗ್ಯಾಲರಿಯಲ್ಲಿ ಒಬ್ಬ ಪ್ರೇಕ್ಷಕನೂ ಇಲ್ಲ. ಕಾಮೆಂಟರಿ ಹೇಳುವವರು ಅಮೆರಿಕದಲ್ಲಿ ತಂತಮ್ಮ ಮನೆಯಲ್ಲೇ ಕೂತಿದ್ದರು. ಎನ್‌ಸಿ ಡೈನೋಸ್ 4–0ಯಿಂದ ಸ್ಯಾಮ್‌ಸಂಗ್ ಲಯನ್ಸನ್ನು ಸೋಲಿಸಿತು. ಹೋಮ್‌ರನ್ ಹೊಡೆದವನು, ಅಂದರೆ ಚೆಂಡನ್ನು ಬೇಲಿಯಾಚೆ ಕಳಿಸಿದವನು, ಬ್ಯಾಟನ್ನು ಗಾಳಿಗೆ ತಿರುಗಿಸಿ ಎಸೆದ. ಅಮೆರಿಕದ ಮೈದಾನದಲ್ಲಿ ಅದು ಎದುರಾಳಿಯನ್ನು ಕೆಣಕಿದ ಹಾಗೆ, ಅಲ್ಲಿ ಅದೊಂದು ಕಲೆ. ನಾನು ನಾಲ್ಕು ಗಂಟೆಯವರೆಗೂ ಎದ್ದಿದ್ದೆ. ಉತ್ತರ ಕೆರೊಲಿನಾ ರಾಜ್ಯದ ಹೆಸರಿನ ಮೊದಲಕ್ಷರಗಳೂ ಎನ್‌ಸಿ ಎಂದು ಅಲ್ಲಿನ ಜನ ಡೈನೋಸ್ ತಂಡವನ್ನು ತಮ್ಮದೇ ಮಾಡಿಕೊಂಡರು. ಅದೇ ತಂಡ ಆ ನವೆಂಬರ್‌ನಲ್ಲಿ ಸೋಲ್ ನಗರದಲ್ಲಿ ಕೊರಿಯನ್ ಸೀರೀಸ್ ಗೆದ್ದು, ಮೈದಾನದ ನಡುವೆ ಆಳೆತ್ತರದ ಕತ್ತಿಯೊಂದನ್ನು ಎತ್ತಿ ಹಿಡಿಯಿತು. ತಂಡದ ಒಡೆತನ ಒಂದು ವಿಡಿಯೊ ಗೇಮ್ ಕಂಪನಿಯದು, ಕತ್ತಿ ಅವರ ಆಟದಿಂದ ಬಂದದ್ದು.

ಆ ವರ್ಷ ನನಗೆ ಒಂದು ವಿಷಯ ಖಚಿತವಾಯಿತು. ರಾತ್ರಿ ಒಂದು ಗಂಟೆಗೂ ಇಲ್ಲಿ ನೋಡುವವರಿದ್ದಾರೆ. ತೋರಿಸಬೇಕು, ಅಷ್ಟೇ.

ತೋರಿಸುವುದು ಮುಂದುವರಿಯಲಿಲ್ಲ. ಜುಲೈ ಕೊನೆಗೆ ಅಮೆರಿಕದ ಆಟ ಶುರುವಾಯಿತು, ಕೊರಿಯಾ ಹಿಂದಕ್ಕೆ ಸರಿಯಿತು, ಒಂದೆರಡು ವರ್ಷದಲ್ಲಿ ನಮ್ಮ ಮನೆಗೆ ಬರುವ ಚಾನೆಲ್‌ಗಳಿಂದ ಕಾಣೆಯಾಯಿತು. 2022ರ ಅಕ್ಟೋಬರ್‌ನಲ್ಲಿ ಜಪಾನ್ ಸೀರೀಸ್ ನೋಡಬೇಕೆಂದು ಕೇಬಲ್ ಕಂಪನಿಗೆ ಫೋನ್ ಮಾಡಿದೆ. ಹುಡುಗಿಯೊಬ್ಬಳು ಬಹಳ ತಾಳ್ಮೆಯಿಂದ ಹುಡುಕಿ, ವರ್ಲ್ಡ್ ಸೀರೀಸ್ ಇದೆ ಸರ್, ಅದು ಬೇಕಾ ಎಂದಳು. ಅವಳ ತಪ್ಪಲ್ಲ. ಅವಳ ಮುಂದಿದ್ದ ಪಟ್ಟಿಯಲ್ಲಿ ಅಮೆರಿಕದ ಆ ಫೈನಲ್ ಬಿಟ್ಟು ಇನ್ನೊಂದು ಫೈನಲ್ ಇರಲೇ ಇಲ್ಲ.

ಹಾಗಾಗಿ ರಾವಲ್ಪಿಂಡಿಯ ವಿದ್ಯೆಗೇ ಮರಳಿದೆ. ಯಾಹೂ ಜಪಾನ್‌ನ ಕ್ರೀಡಾ ಪುಟದಲ್ಲಿ ಒಂದೊಂದು ಎಸೆತವೂ ಬರಹದಲ್ಲಿ ಬರುತ್ತದೆ. ಚೆಂಡು ಎಲ್ಲಿ ಬಿತ್ತು ಎಂದು ಚೌಕದೊಳಗೆ ಗುರುತು, ಪಕ್ಕದಲ್ಲಿ ವೇಗ, ಎಸೆತದ ಬಗೆ. ವೇಗ ಗಂಟೆಗೆ ಕಿಲೋಮೀಟರ್ ಲೆಕ್ಕದಲ್ಲಿರುವುದರಿಂದ ಮೈಲಿಗೆ ಒಗ್ಗದ ನನ್ನ ತಲೆಗೆ ಬೇಗ ಹತ್ತಿತು. ತೊಡಕು ಭಾಷೆಯದು. ಎಲ್ಲವೂ ಜಪಾನಿ ಲಿಪಿ. ಯಂತ್ರದ ಅನುವಾದ ಹಾಕಿದರೆ ‘ಎಡಕ್ಕೆ ಹಾರಿತು’, ‘ಆಟ ಉರುಳಿತು’ ಎಂದೆಲ್ಲ ಬರುತ್ತಿತ್ತು. ಆಟ ಯಾಕೆ ಉರುಳಬೇಕು?

ಅದನ್ನು ಬಿಡಿಸಿ ಹೇಳಿದವರು ಮಗಳ ತಂಡದ ಹುಡುಗನೊಬ್ಬನ ಅಜ್ಜ. ಹುಟ್ಟೂರು ನಿಶಿನೊಮಿಯಾ. ಹನ್ಶಿನ್ ಟೈಗರ್ಸ್ ತಂಡದ ಕೋಶಿಯೆನ್ ಮೈದಾನ ಇರುವುದು ಅದೇ ಊರಿನಲ್ಲಿ. ನಾನು ಬರೆಯುವ ಬೆಂಚಿನಲ್ಲೇ ಅವರೂ ಕೂರುತ್ತಿದ್ದರು. ಒಂದು ದಿನ ನನ್ನ ಫೋನಿನಲ್ಲಿ ಜಪಾನಿ ಪುಟ ಕಂಡು, ‘ನೀವು ಓದ್ತೀರಾ?’ ಎಂದು ಕೇಳಿದರು. ‘ಇಲ್ಲ, ಊಹಿಸ್ತೀನಿ’ ಎಂದೆ. ಮುಂದಿನ ಭಾನುವಾರ ಎಜ್‌ವಾಟರ್‌ನ ಮಿತ್ಸುವಾ ಅಂಗಡಿಯ ಊಟದ ಅಂಗಳಕ್ಕೆ ಕರೆದರು. ರಾಮೆನ್ ಬಟ್ಟಲು ಪಕ್ಕಕ್ಕೆ ಸರಿಸಿ, ಕಾಗದದ ಕರವಸ್ತ್ರದ ಮೇಲೆ ಒಂಬತ್ತು ಅಕ್ಷರ ಬರೆದುಕೊಟ್ಟರು. ಮೈದಾನದಲ್ಲಿ ನಿಲ್ಲುವ ಒಂಬತ್ತು ಜನರಿಗೆ ಒಬ್ಬೊಬ್ಬರಿಗೆ ಒಂದೊಂದು ಅಕ್ಷರ. ಪಿಚರ್‌ಗೆ ಎಸೆಯುವ ಅಕ್ಷರ, ಕ್ಯಾಚರ್‌ಗೆ ಹಿಡಿಯುವ ಅಕ್ಷರ, ಓಡುವವನು ಮುಟ್ಟಬೇಕಾದ ಮೂರು ಬೇಸ್‌ಗಳನ್ನು ಕಾಯುವವರಿಗೆ ಒಂದು ಎರಡು ಮೂರು, ಹೊರಮೈದಾನದ ಮೂವರಿಗೆ ಎಡ ನಡು ಬಲ. ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ಗೆ ಮಾತ್ರ ‘ಯೂ’. ಆಡು, ಅಲೆ ಎಂದು ಅದರ ಅರ್ಥ. ಅವನಿಗೆ ಕಟ್ಟಿಹಾಕುವ ಬೇಸ್ ಇಲ್ಲ, ಅಲೆಯುತ್ತಾ ಎರಗುವವನು, ಅದಕ್ಕೆ ಆ ಹೆಸರು ಎಂದರು ಅಜ್ಜ. ‘ಆಟ ಉರುಳಿತು’ ಎಂದರೆ ಶಾರ್ಟ್‌ಸ್ಟಾಪ್ ಕಡೆಗೆ ಚೆಂಡು ಉರುಳಿತು ಎಂದು ಅಲ್ಲಿ ತಿಳಿಯಿತು. ಮಗಳು ಶಾರ್ಟ್‌ಸ್ಟಾಪ್. ಮನೆಗೆ ಬಂದು ಅವಳ ಅಕ್ಷರವನ್ನು ಅವಳಿಗೆ ತೋರಿಸಿದೆ. ಅದನ್ನು ತನ್ನ ಗ್ಲೌಸಿನ ಒಳಗೆ ಬರೆದುಕೊಂಡಳು.

ಸ್ಟ್ರೈಕ್‌ಔಟ್‌ಗೆ ಎರಡು ಮಾತು ಸಾಕು. ಬ್ಯಾಟ್ ಬೀಸಿ ತಪ್ಪಿದರೆ ‘ಕರಾಬುರಿ’, ಬರಿಗಾಳಿಗೆ ಬೀಸಿದ್ದು. ಬೀಸದೆ ನಿಂತು ಔಟಾದರೆ ‘ಮಿನೋಗಾಶಿ’, ನೋಡುತ್ತಾ ಬಿಟ್ಟದ್ದು. ಅಮೆರಿಕದ ಸ್ಕೋರ್ ಪುಸ್ತಕದಲ್ಲೂ ಈ ಭೇದ ಇದೆ. ಮೊದಲನೆಯದಕ್ಕೆ ನೇರ ಕೆ, ಎರಡನೆಯದಕ್ಕೆ ಹಿಂದುಮುಂದಾಗಿ ಬರೆದ ಕೆ. ಕೆಲಸಕ್ಕೆ ಬೇಕಾದದ್ದು ಇಂಥ ನಲವತ್ತು ಮಾತುಗಳು ಮಾತ್ರ. ಎರಡು ವಾರದಲ್ಲಿ ಬಂತು. ಜಪಾನಿ ಬರದೆ ಜಪಾನಿನ ಆಟ ಹೇಗೆ ಓದುವುದು ಎಂದು ಹೆದರುವವರಿಗೆ ಇದನ್ನೇ ಹೇಳುತ್ತೇನೆ.

ನಾನು ಬರೆದ ಮೊದಲ ಜಪಾನ್ ಸೀರೀಸ್ 2022ರದು, ಓರಿಕ್ಸ್ ಮತ್ತು ಯಾಕುಲ್ಟ್ ಸ್ವಾಲೋಸ್ ನಡುವೆ. ಎರಡನೇ ಪಂದ್ಯ ಅಕ್ಟೋಬರ್ 23ರ ಭಾನುವಾರ. ಯಾಕುಲ್ಟ್ ಮೂರು ರನ್ ಹಿಂದಿತ್ತು. ಒಂಬತ್ತನೇ ಇನಿಂಗ್ಸ್‌ನಲ್ಲಿ ಬದಲಿಯಾಗಿ ಬಂದ 20 ವರ್ಷದ ಉಚಿಯಾಮಾ ಮೂರು ರನ್ನಿನ ಹೋಮ್‌ರನ್ ಹೊಡೆದು ಸಮ ಮಾಡಿದ. 12 ಇನಿಂಗ್ಸ್ ಮುಗಿದರೂ 3–3. ಅಲ್ಲಿಗೆ ಪಂದ್ಯ ಡ್ರಾ. ಅಮೆರಿಕದ ಸ್ಕೋರ್ ಪುಸ್ತಕದಲ್ಲಿ ಗೆದ್ದ ಪಿಚರ್, ಸೋತ ಪಿಚರ್ ಎಂದು ಜಾಗ ಇದೆ, ಡ್ರಾಗೆ ಜಾಗವೇ ಇಲ್ಲ. ಅಂಚಿನಲ್ಲಿ ಬರೆದೆ. ಅದೇ ಸರಣಿಯ ಐದನೇ ಪಂದ್ಯವನ್ನು ಕೊನೆಯ ಹೊಡೆತದ ಹೋಮ್‌ರನ್‌ನಿಂದ ಮುಗಿಸಿದ ಮಸಾತಾಕಾ ಯೋಶಿದಾ, ಆ ಡಿಸೆಂಬರ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ಗೆ ಬಂದ. ಅವನ ವಿಷಯದಲ್ಲೂ ಇಲ್ಲಿ ಅದೇ ಪ್ರಶ್ನೆ. ಇವನು ಯಾರು?

ಈಗ ಗಡಿಯಾರದ ಮಾತು. ಜಪಾನ್ ಸೀರೀಸ್ ಸಾಮಾನ್ಯವಾಗಿ ಅಲ್ಲಿನ ಸಂಜೆ ಆರೂವರೆಗೆ. ಬೇಸಿಗೆಯ ಲೆಕ್ಕದ ಗಡಿಯಾರ ಇರುವವರೆಗೆ ನ್ಯೂಜೆರ್ಸಿಯಲ್ಲಿ ಅದು ಬೆಳಗಿನ ಐದೂವರೆ. ನವೆಂಬರ್‌ನ ಮೊದಲ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಜಪಾನ್ ತಿರುಗಿಸುವುದಿಲ್ಲ. ಆಗ ಅದು ನಾಲ್ಕೂವರೆ. 2023ರಲ್ಲಿ ಈ ಬದಲಾವಣೆ ಬಂದದ್ದು ಸರಿಯಾಗಿ ಆರನೇ ಮತ್ತು ಏಳನೇ ಪಂದ್ಯದ ನಡುವಿನ ರಾತ್ರಿ.

ಆ ವರ್ಷದ ಸರಣಿ ಓರಿಕ್ಸ್ ಮತ್ತು ಹನ್ಶಿನ್ ನಡುವೆ. ಎರಡೂ ಒಸಾಕಾ ಸೀಮೆಯವು. ಎರಡು ಮೈದಾನಗಳನ್ನು ಒಂದೇ ಕಂಪನಿಯ ರೈಲು ಜೋಡಿಸುತ್ತದೆ. ಆ ಸೀಮೆಯ ಎರಡು ತಂಡ ಫೈನಲ್‌ನಲ್ಲಿ ಎದುರಾಗಿ 59 ವರ್ಷವಾಗಿತ್ತು. ಹನ್ಶಿನ್ ಗೆದ್ದದ್ದಂತೂ ಒಂದೇ ಸಲ, 1985ರಲ್ಲಿ. ಅಂದಿನ ಹೀರೋ ರ್‍ಯಾಂಡಿ ಬ್ಯಾಸ್, ಅಮೆರಿಕದ ಒಕ್ಲಹೋಮಾದವನು. ಆ ಸೀಸನ್‌ನಲ್ಲಿ 54 ಹೋಮ್‌ರನ್ ಹೊಡೆದವನು. ಆ ವರ್ಷ ಫೈನಲ್‌ಗೆ ಮೊದಲು ಲೀಗ್ ಗೆದ್ದ ಸಂಭ್ರಮದಲ್ಲಿ ಅಭಿಮಾನಿಗಳು ಗಡ್ಡದವನೆಂದು ಕೆಎಫ್‌ಸಿ ಅಂಗಡಿಯ ಕರ್ನಲ್ ಸ್ಯಾಂಡರ್ಸ್ ಬೊಂಬೆಯನ್ನೇ ಬ್ಯಾಸ್ ಎಂದು ಎತ್ತಿ ದೋತೊಂಬೊರಿ ಕಾಲುವೆಗೆ ಎಸೆದರು. ಅದು ಮತ್ತೆ ಸಿಕ್ಕದ್ದು 2009ರಲ್ಲಿ. ಬೊಂಬೆಯ ಶಾಪದಿಂದಲೇ ತಂಡ ಗೆಲ್ಲುತ್ತಿಲ್ಲ ಎಂದು ಜನ ನಂಬಿದ್ದರು. ಆ ಬೊಂಬೆಯ ಕಥೆ ಇಲ್ಲಿ ನಾನು ಕೇಳಿದ ಅನೇಕರಿಗೆ ಗೊತ್ತು. ಬ್ಯಾಸ್ ಆಡಿದ್ದು ಮಾತ್ರ ಯಾರಿಗೂ ಗೊತ್ತಿಲ್ಲ, ಅವನು ಇದೇ ದೇಶದವನಾದರೂ.

ಮೊದಲ ಪಂದ್ಯದಲ್ಲಿ ಯಮಾಮೊಟೊ 7 ರನ್ ಕೊಟ್ಟು ಸೋತಿದ್ದ, 8–0. ಆರನೇ ಪಂದ್ಯದ ಹೊತ್ತಿಗೆ ಹನ್ಶಿನ್ ಮೂರು ಗೆದ್ದಿತ್ತು. ಇನ್ನೊಂದು ಸೋತರೆ ಓರಿಕ್ಸ್ ಮನೆಗೆ. ಆ ಶನಿವಾರ ನಾನು ಕಾಫಿ ಹಿಡಿದು ಕೂತೆ. ಎರಡನೇ ಇನಿಂಗ್ಸ್‌ನಲ್ಲೇ ಹನ್ಶಿನ್‌ನ ಶೆಲ್ಡನ್ ನಾಯ್ಸಿ ಹೋಮ್‌ರನ್ ಹೊಡೆದ. ಅವನೂ ಅಮೆರಿಕದವನೇ. ಅಲ್ಲಿಂದ ಮುಂದೆ ಯಮಾಮೊಟೊ ಒಂದು ರನ್ನನ್ನೂ ಬಿಟ್ಟುಕೊಡಲಿಲ್ಲ. ಅಕ್ಷರಗಳು ಬರುತ್ತಿದ್ದವು: ಫೋರ್ಕ್ (ಕೊನೆಗೆ ದಿಢೀರನೆ ಕೆಳಗಿಳಿಯುವ ಎಸೆತ), ಕರಾಬುರಿ. ನೇರ ಎಸೆತ, ಮಿನೋಗಾಶಿ. ಎಸೆತದ ಲೆಕ್ಕ ನೂರು ದಾಟಿತು, ನೂರಿಪ್ಪತ್ತು ದಾಟಿತು. ಅಮೆರಿಕದಲ್ಲಾಗಿದ್ದರೆ ನೂರಕ್ಕೆ ಅವನ ಕೈಯಿಂದ ಚೆಂಡು ಇಸಿದುಕೊಳ್ಳುತ್ತಿದ್ದರು. ಎದ್ದು ಬಂದ ಹೆಂಡತಿ ನನ್ನ ಮುಖ ನೋಡಿ, ಮಾತಾಡದೆ ಎರಡನೇ ಲೋಟ ಕಾಫಿ ಇಟ್ಟಳು. ಕೊನೆಯ ಔಟ್ ಆದಾಗ 138. ಸ್ಕೋರ್ 5–1. ನಾನು ಒಂದು ಎಸೆತವನ್ನೂ ಕಣ್ಣಿನಿಂದ ನೋಡಿರಲಿಲ್ಲ. ಆದರೆ ಪ್ರತಿಯೊಂದನ್ನೂ ಕೈಯಿಂದ ಮುಟ್ಟಿದ್ದೆ.

ಮಾರನೆಯ ದಿನ ಎಡವಿದೆ. ಗಡಿಯಾರ ತಿರುಗುವುದನ್ನು ಮರೆತು ಅಲಾರಂ ಐದೂಕಾಲಿಗೇ ಇಟ್ಟಿದ್ದೆ. ಎದ್ದಾಗ ಅಜ್ಜನ ಮೂರು ಕರೆ ತಪ್ಪಿಹೋಗಿದ್ದವು. ಆಟ ಶುರುವಾಗಿ ಮುಕ್ಕಾಲು ಗಂಟೆ. ವಾಪಸ್ ಕರೆದರೆ, ‘ಬೇಗ, ಬೇಗ, ಮಾತಾಡ್ಬೇಡಿ, ಕೇಳಿ’ ಎಂದರು. ನಿಶಿನೊಮಿಯಾದಲ್ಲಿದ್ದ ಅವರ ತಂಗಿ ತಮ್ಮ ಫೋನನ್ನು ಟಿವಿಯ ಮುಂದೆ ಇಟ್ಟಿದ್ದರು. ಅದು ಅಜ್ಜನ ಮನೆಯ ಇನ್ನೊಂದು ಫೋನಿನಲ್ಲಿ ಕೇಳುತ್ತಿತ್ತು. ಆ ಫೋನಿನ ಪಕ್ಕದಲ್ಲಿ ನನ್ನ ಕರೆ. ಹೀಗೆ ಮೂರು ಮನೆ ದಾಟಿ ಜಪಾನಿ ಕಾಮೆಂಟರಿ ನನ್ನ ಅಡುಗೆಮನೆಗೆ ಬಂತು. ದನಿ ಮೊದಲು, ಅಕ್ಷರ ಆಮೇಲೆ. ನಾಲ್ಕನೇ ಇನಿಂಗ್ಸ್‌ನಲ್ಲಿ ಫೋನಿನೊಳಗೆ ಸಾವಿರಾರು ಜನ ಒಟ್ಟಿಗೆ ಕೂಗಿದ್ದು ಕೇಳಿಸಿತು, ತಂಗಿಯೂ ಕೂಗಿದರು, ಅಜ್ಜನ ದನಿ ನಿಂತೇಹೋಯಿತು. ನನ್ನ ಪರದೆಯಲ್ಲಿ ಇನ್ನೂ ಹಿಂದಿನ ಎಸೆತವೇ ಇತ್ತು. ಅರ್ಧ ನಿಮಿಷದ ಮೇಲೆ ಅಕ್ಷರ ಬದಲಾಯಿತು: ನಾಯ್ಸಿ, ಎಡಕ್ಕೆ, ಮೂರು ರನ್ ಹೋಮ್‌ರನ್. ಆಟ 7–1ಕ್ಕೆ ಮುಗಿಯಿತು. 38 ವರ್ಷದ ಮೇಲೆ ಹನ್ಶಿನ್ ಗೆದ್ದಿತ್ತು. 1985ರ ತಂಡದಲ್ಲಿ ಆಡಿದ್ದ ಒಕಾದಾ ಆಗ ಅದರ ಮ್ಯಾನೇಜರ್ ಆಗಿದ್ದರು. ಅಜ್ಜ ಬಹಳ ಹೊತ್ತು ಏನೂ ಹೇಳಲಿಲ್ಲ. ನಾನೂ ಕರೆ ಕತ್ತರಿಸಲಿಲ್ಲ.

ತಪ್ಪಿಸಿಕೊಂಡ ಮೊದಲ ಇನಿಂಗ್ಸ್‌ಗಳನ್ನು ಆಮೇಲೆ ಲೀಗಿನ ಅಧಿಕೃತ ಸ್ಕೋರ್‌ನಿಂದ ಕೆಂಪು ಶಾಯಿಯಲ್ಲಿ ತುಂಬಿದೆ. ಪೆನ್ಸಿಲ್ ಎಂದರೆ ನಾನು ಎಚ್ಚರವಿದ್ದೆ, ಕೆಂಪು ಎಂದರೆ ಇರಲಿಲ್ಲ. ಇದು ನನ್ನ ಪುಸ್ತಕದ ನಿಯಮ.

ಕೊರಿಯಾಕ್ಕೆ ಇಷ್ಟು ಕಷ್ಟವಿಲ್ಲ. ನಮ್ಮ ರಾಜ್ಯದ ಪ್ಯಾಲಿಸೇಡ್ಸ್ ಪಾರ್ಕ್, ಫೋರ್ಟ್ ಲೀ ಊರುಗಳಲ್ಲಿ ಕೊರಿಯನ್ನರು ಬಹಳ. ಅಲ್ಲಿ ತಡರಾತ್ರಿಯ ಊಟದ ಅಂಗಡಿಗಳಿವೆ. ಕೊರಿಯನ್ ಸೀರೀಸ್‌ನ ಶನಿವಾರದ ಪಂದ್ಯ ಅಲ್ಲಿ ಮಧ್ಯಾಹ್ನ ಎರಡಕ್ಕೆ, ನವೆಂಬರ್‌ನಲ್ಲಿ ಇಲ್ಲಿ ಶುಕ್ರವಾರ ನಡುರಾತ್ರಿ. 2023ರಲ್ಲಿ ಹಾಗೊಂದು ಅಂಗಡಿಯ ಟಿವಿಯಲ್ಲಿ ಎಲ್‌ಜಿ ಟ್ವಿನ್ಸ್ ತಂಡ ಕೆಟಿ ವಿಜ್ ಮೇಲೆ 15 ರನ್ ಪೇರಿಸಿದ್ದನ್ನು ನೋಡಿದೆ. ಎಲ್‌ಜಿ ಗೆದ್ದು 29 ವರ್ಷವಾಗಿತ್ತು. ತಂಡದ ಹಿಂದಿನ ಒಡೆಯರು ತಾವು ಮುಂದೆ ಗೆಲ್ಲುವ ಫೈನಲ್‌ನ ಶ್ರೇಷ್ಠ ಆಟಗಾರನಿಗೆಂದು 1998ರಲ್ಲೇ ಒಂದು ರೋಲೆಕ್ಸ್ ಗಡಿಯಾರ ತೆಗೆದಿಟ್ಟಿದ್ದರಂತೆ. ಅವರು ತೀರಿಕೊಂಡರು, ಗಡಿಯಾರ ಪೆಟ್ಟಿಗೆಯಲ್ಲೇ ಉಳಿಯಿತು. ಕೊನೆಗೆ ಅದು ಸಂದದ್ದು ಶಾರ್ಟ್‌ಸ್ಟಾಪ್ ಓ ಜಿ-ಹ್ವಾನ್‌ಗೆ. ಪಕ್ಕದ ಮೇಜಿನವರು ಈ ಕಥೆ ಹೇಳುವಾಗ ಅಡುಗೆಯವರೂ ಹೊರಗೆ ಬಂದು ನಿಂತಿದ್ದರು. ಯಾವ ಟಿವಿಗಾದರೂ ಇದಕ್ಕಿಂತ ಒಳ್ಳೆಯ ಕಥೆ ಎಲ್ಲಿ ಸಿಕ್ಕೀತು?

ಕೆರಿಬಿಯನ್ ಸೀರೀಸ್‌ಗೆ ಪರ್ತ್ ಆಂಬೊಯ್‌ನ ಒಂದು ಕ್ಷೌರದಂಗಡಿ. ಮಾಲೀಕರು ಡೊಮಿನಿಕನ್ ರಿಪಬ್ಲಿಕ್‌ನವರು. ಚಳಿಗಾಲದ ಲೀಗುಗಳನ್ನು ಗೆದ್ದ ತಂಡಗಳು ಫೆಬ್ರವರಿಯಲ್ಲಿ ಸೇರಿ ಆಡುವ ಸರಣಿ ಅದು, 1949ರಷ್ಟು ಹಳೆಯದು. 2024ರಲ್ಲಿ ನಡೆದದ್ದು ಅಮೆರಿಕದ ಮಯಾಮಿಯಲ್ಲೇ. ಗಡಿಯಾರದ ತಕರಾರೂ ಇಲ್ಲ. ಆದರೂ ನಾನು ನೋಡಿದ್ದು ಸ್ಪ್ಯಾನಿಷ್ ಚಾನೆಲ್‌ನಲ್ಲಿ, ಕತ್ತರಿಯ ಸದ್ದಿನ ನಡುವೆ. ವೆನೆಜುವೆಲಾದ ಲಾ ಗ್ವಾಯ್ರಾ ತಂಡ ಫೈನಲ್‌ನಲ್ಲಿ ಡೊಮಿನಿಕನ್ನರ ಲೀಸೆಯನ್ನು 3–0ಯಿಂದ ಸೋಲಿಸಿ ಮೊದಲ ಸಲ ಕಪ್ ಗೆದ್ದಿತು. ಮಾಲೀಕರು ಆ ವಾರವಿಡೀ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ಯಾಕೆ ತೋರಿಸುವುದಿಲ್ಲ ಎಂದು ಕೇಳಿದರೆ ಮೊದಲು ಬರುವ ಉತ್ತರ ಹೊತ್ತು. ಅದು ಪೂರ್ತಿ ನಿಜವಲ್ಲ ಎಂಬುದಕ್ಕೆ ನನ್ನ ಪುಸ್ತಕದ ಕೊನೆಯ ಹಾಳೆ ಸಾಕ್ಷಿ. ಆರನೇ ಪಂದ್ಯದ ಬೆಳಿಗ್ಗೆ ಇನಿಂಗ್ಸ್‌ಗಳ ಬಿಡುವಿನಲ್ಲಿ ನಮ್ಮ ಮನೆಯ ಕ್ರೀಡಾ ಚಾನೆಲ್‌ಗಳನ್ನೆಲ್ಲ ತಿರುವಿ, ಏನು ಬರುತ್ತಿದೆ ಎಂದು ಬರೆದಿಟ್ಟಿದ್ದೆ. ಹಿಂದಿನ ದಿನದ ಮಾತುಕತೆಯ ಮರುಪ್ರಸಾರ. ಮೀನು ಹಿಡಿಯುವುದು. ವ್ಯಾಯಾಮದ ಯಂತ್ರದ ಅರ್ಧ ಗಂಟೆಯ ಜಾಹೀರಾತು. ಅಕ್ಟೋಬರ್‌ನಲ್ಲಿ ಇಲ್ಲಿ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ವರ್ಲ್ಡ್ ಸೀರೀಸ್ ಎಲ್ಲ ಮೈಮೇಲೆ ಬೀಳುತ್ತವೆ, ಒಪ್ಪುತ್ತೇನೆ. ಅವು ಬೀಳುವುದು ಮಧ್ಯಾಹ್ನದ ಮೇಲೆ. ಬೆಳಗಿನ ಐದೂವರೆ ಖಾಲಿ ಬಿದ್ದಿರುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್‌ಗೆ ಅಮೆರಿಕನ್ನರು ಶನಿವಾರ ಏಳೂವರೆಗೆ ಎದ್ದು ಕೂರುತ್ತಾರೆ, ಹೋಟೆಲುಗಳೂ ಬಾಗಿಲು ತೆರೆಯುತ್ತವೆ. 2025ರ ಮಾರ್ಚ್ 18ರಂದು ಡಾಜರ್ಸ್ ಮತ್ತು ಶಿಕಾಗೊ ಕಬ್ಸ್ ಟೋಕಿಯೋ ಡೋಮ್‌ನಲ್ಲಿ ಆಡಿದಾಗ ಫಾಕ್ಸ್ ಅದನ್ನು ಬೆಳಗಿನ 6.10ಕ್ಕೆ ನೇರವಾಗಿ ತೋರಿಸಿತು. ಮೊದಲ ಚೆಂಡು ಎಸೆದ ಇಬ್ಬರೂ ಜಪಾನಿನವರು, ಯಮಾಮೊಟೊ ಮತ್ತು ಇಮಾನಾಗಾ. ದೇಶ ಅದೇ, ಹೊತ್ತು ಹೆಚ್ಚುಕಡಿಮೆ ಅದೇ, ಆಟಗಾರರೂ ಅವರೇ. ಅಂಗಿಯ ಮೇಲಿನ ಹೆಸರು ಮಾತ್ರ ಬೇರೆ.

ಇನ್ನೊಂದು ನನಗೆ ನುಂಗಲಾಗದ ಸಂಗತಿ. ಪ್ರತಿ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಮಕ್ಕಳ ಲಿಟಲ್ ಲೀಗ್ ವರ್ಲ್ಡ್ ಸೀರೀಸ್ ನಡೆಯುತ್ತದೆ. ಅಮೆರಿಕದ ಹತ್ತು ತಂಡ, ಹೊರದೇಶದ ಹತ್ತು. ಅದು ಟಿವಿಯಲ್ಲಿ ಬರುತ್ತದೆ, ಲಕ್ಷಾಂತರ ಜನ ನೋಡುತ್ತಾರೆ. 2025ರಲ್ಲಿ ತೈವಾನಿನ ಹುಡುಗರು ನೆವಾಡಾ ತಂಡವನ್ನು 7–0ಯಿಂದ ಸೋಲಿಸಿದ್ದನ್ನು ನಾವು ಮನೆಮಂದಿಯೆಲ್ಲ ನೋಡಿದೆವು. ತೈಪೆಯ ಹನ್ನೆರಡು ವರ್ಷದ ಹುಡುಗನ ಹೆಸರು ಇಲ್ಲಿನ ಮನೆಗಳಿಗೆ ಗೊತ್ತಾಗುತ್ತದೆ. ಅವನೇ ಬೆಳೆದು ತನ್ನ ದೇಶದ ದೊಡ್ಡವರ ಫೈನಲ್ ಆಡಿದರೆ ಆ ಮನೆಗಳಲ್ಲಿ ಯಾರಿಗೂ ತಿಳಿಯುವುದಿಲ್ಲ.

ಹಕ್ಕಿನ ತೊಡಕು ನಿಜವಾದದ್ದು. ಅಮೆರಿಕದ ಮೇಜರ್ ಲೀಗ್ ತನ್ನ 30 ತಂಡಗಳ ದೇಶವ್ಯಾಪಿ ಪ್ರಸಾರದ ಹಕ್ಕನ್ನು ಒಟ್ಟಿಗೆ ಮಾರುತ್ತದೆ. ಜಪಾನಿನಲ್ಲಿ ಸೀಸನ್ ಪಂದ್ಯಗಳ ಹಕ್ಕು ಆಯಾ ತವರು ತಂಡದ ಕೈಯಲ್ಲಿ. ಅಲ್ಲಿನ ಎರಡು ಲೀಗುಗಳಲ್ಲಿ ಪೆಸಿಫಿಕ್ ಲೀಗಿನ ಆರು ತಂಡಗಳು 2007ರಲ್ಲಿ ಸೇರಿ ಒಂದು ಕಂಪನಿ ಮಾಡಿಕೊಂಡವು, ಸೆಂಟ್ರಲ್ ಲೀಗಿನ ಆರು ಹಾಗೆ ಒಂದಾಗಲಿಲ್ಲ. ಇಲ್ಲಿನ ಚಾನೆಲ್ ಒಂದು ಸೀಸನ್‌ನಿಂದಲೇ ಜನರನ್ನು ಕೂರಿಸಿಕೊಂಡು ಫೈನಲ್‌ಗೆ ಕರೆತರಬೇಕೆಂದರೆ ಹಲವರ ಬಾಗಿಲು ತಟ್ಟಬೇಕು. ತೂಕವೂ ಒಂದೇ ಕಡೆಗೆ ವಾಲಿದೆ. 2024ರ ವರ್ಲ್ಡ್ ಸೀರೀಸನ್ನು ಜಪಾನಿನಲ್ಲಿ ಪಂದ್ಯಕ್ಕೆ ಸರಾಸರಿ 1.2 ಕೋಟಿ ಜನ ನೋಡಿದರು. ಅದೇ ಹೊತ್ತಿಗೆ ಅವರ ಜಪಾನ್ ಸೀರೀಸ್ ನಡೆಯುತ್ತಿತ್ತು. ಆ ಪಂದ್ಯಗಳ ಎದುರಿಗೇ ಫುಜಿ ಟಿವಿ ವರ್ಲ್ಡ್ ಸೀರೀಸ್‌ನ ಮುಖ್ಯಾಂಶ ಹಾಕಿತೆಂದು ಜಪಾನಿನ ಬೇಸ್‌ಬಾಲ್ ಸಂಸ್ಥೆ ಅದರ ಮೈದಾನ ಪ್ರವೇಶದ ಪಾಸುಗಳನ್ನೇ ಹಿಂದಕ್ಕೆ ಪಡೆಯಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ತಮ್ಮ ಮನೆಯಲ್ಲೇ ತಮ್ಮ ಫೈನಲ್‌ಗೆ ಜಾಗ ಕಾಯ್ದುಕೊಳ್ಳಬೇಕಾಗಿ ಬಂತು. ಸೀಸನ್‌ನಲ್ಲಿ ಮೂರನೇ ಸ್ಥಾನದಲ್ಲಿದ್ದ ಯೊಕೊಹಾಮಾ ತಂಡ ಮೊದಲ ಎರಡು ಸೋತು ನಂತರದ ನಾಲ್ಕೂ ಗೆದ್ದ ಸರಣಿ ಅದು. ಅದೂ ನನ್ನ ಪುಸ್ತಕದಲ್ಲಿದೆ, ಪೂರ್ತಿ ಪೆನ್ಸಿಲಿನಲ್ಲಿ.

ಆ ಚಳಿಗಾಲ ಒಂದು ಕ್ರೀಡಾ ಚಾನೆಲ್‌ಗೆ ಪತ್ರ ಬರೆದೆ. ನೇರ ಪ್ರಸಾರ ಆಗದಿದ್ದರೂ ಆಗಲಿ, ಒಂದೊಂದು ಪಂದ್ಯವನ್ನು ಎರಡು ಗಂಟೆಗೆ ಇಳಿಸಿ ಆಯಾ ದಿನ ಮಧ್ಯಾಹ್ನ ಹಾಕಿ, ಇಂಗ್ಲಿಷ್ ಮಾತು ಇಲ್ಲಿಂದಲೇ ಸೇರಿಸಿ ಎಂದು ಕೇಳಿದ್ದೆ. 2020ರಲ್ಲಿ ಮನೆಯಿಂದಲೇ ಕಾಮೆಂಟರಿ ಹೇಳಿದ್ದರಲ್ಲ, ಅದೇ ಬಗೆ. ಖಾಲಿ ಹೊತ್ತನ್ನು ಬೆಟ್ಟು ಮಾಡಿ ತೋರಿಸಲೆಂದು ಬೆಳಗಿನ ಐದೂವರೆಯ ಆ ಪಟ್ಟಿಯ ಪ್ರತಿಯನ್ನೂ ಲಗತ್ತಿಸಿದೆ. ಧನ್ಯವಾದದ ಅಚ್ಚಿನ ಉತ್ತರ ಬಂತು. ಪ್ರತಿವರ್ಷ ಬರೆಯುತ್ತೇನೆ.

2025ರ ವರ್ಲ್ಡ್ ಸೀರೀಸ್‌ನಲ್ಲಿ ಯಮಾಮೊಟೊ ಏನು ಮಾಡಿದ ಎಂದು ಇಡೀ ಅಮೆರಿಕ ನೋಡಿತು. ಎರಡನೇ ಪಂದ್ಯ ಒಬ್ಬನೇ ಎಸೆದು ಮುಗಿಸಿದ. ಆ ಸ್ಕೋರೂ 5–1. ಆರನೆಯದರಲ್ಲಿ 96 ಎಸೆತ, ಮಾರನೇ ದಿನವೇ ಏಳನೆಯದಕ್ಕೆ ಬಂದು ಮತ್ತೆ 34. ಟೊರಾಂಟೊದಲ್ಲಿ 11ನೇ ಇನಿಂಗ್ಸ್‌ಗೆ ಡಾಜರ್ಸ್ ಗೆದ್ದಾಗ ಇಲ್ಲಿ ನಡುರಾತ್ರಿ ದಾಟಿತ್ತು. ಸರಣಿಯ ಶ್ರೇಷ್ಠ ಆಟಗಾರ ಅವನೇ. ಮನುಷ್ಯನಿಗೆ ಇದು ಸಾಧ್ಯವೇ ಎಂದು ಟಿವಿಯವರು ಬೆರಗಾದರು.

ಬೆಳಗಾದರೆ ಭಾನುವಾರ, ಮಗಳ ತಂಡದ ಶರತ್ಕಾಲದ ಕೊನೆಯ ಪಂದ್ಯ. ಎಲ್ಲರೂ ನಿದ್ದೆಗಣ್ಣಿನಲ್ಲಿ ಅದನ್ನೇ ಮಾತಾಡುತ್ತಿದ್ದರು. ಕೋಚ್ ಬೆಂಚಿನ ಹತ್ತಿರ ಬಂದು, ‘ನೂರರ ಮೇಲೆ ಎಸೆದು ಇವನಿಗೆ ಅಭ್ಯಾಸ ಇತ್ತಾ?’ ಎಂದರು. ನಾನು ಪುಸ್ತಕ ತೆಗೆದು ತುದಿ ಮಡಚಿದ ಪುಟ ಬಿಡಿಸಿ ಕೊಟ್ಟೆ. ಅವರು ತಾರೀಖು ಓದಿದರು. ಬೆರಳಿಟ್ಟು ಕೆಗಳನ್ನು ಎಣಿಸಿದರು, ನೇರವಾದವು, ತಿರುಗಿದವು, ಹದಿನಾಲ್ಕು. ಕೆಳಗೆ ಬರೆದ 138ರ ಮೇಲೆ ಬೆರಳು ನಿಂತಿತು. ‘ಇದು ಯಾವ ಚಾನೆಲ್‌ನಲ್ಲಿ ಬಂದಿತ್ತು?’

ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ವರ್ಷದ್ದು ಯಾವಾಗ, ಎಷ್ಟು ಗಂಟೆಗೆ ಎಂದು ಕೇಳಿದರು. ಜೇಬಿನಿಂದ ತಂಡದ ಪಟ್ಟಿಯ ಚೀಟಿ ತೆಗೆದು ಹಿಂದುಮುಂದು ತಿರುಗಿಸಿ ಮುಂದಿಟ್ಟರು. ನಾನು ಒಂಬತ್ತು ಅಕ್ಷರ ಬರೆಯಲು ಶುರು ಮಾಡಿದೆ. ಆರನೆಯದಕ್ಕೆ ಬರುವಷ್ಟರಲ್ಲಿ ಮಗಳು ಬಂದು, ‘ಅದು ನಂದು’ ಎಂದು ಪೆನ್ಸಿಲ್ ಇಸಿದುಕೊಂಡಳು.